ಹೊಂಬಾಳಕ್ಕನ ಬಳೆಗೆ ಸಿಕ್ಕ ಸ್ನಾಯು

ಮಂಡ್ಯದಲ್ಲಿ ಇಪ್ಪತ್ತೆರಡು ವರ್ಷದಿಂದ ನಾನು ಡಾಕ್ಟರಾಗಲು ಬಂದ ಹುಡುಗ ಹುಡುಗಿಯರಿಗೆ ಅಂಗರಚನೆಯ ಪಾಠ ಹೇಳುತ್ತಿದ್ದೇನೆ. ಯಾವ ನರ ಎಲ್ಲಿಂದ ಹೊರಡುತ್ತದೆ, ಯಾವ ರಕ್ತನಾಳ ಎಲ್ಲಿ ತಿರುಗುತ್ತದೆ ಎಂದು ಬೋರ್ಡಿನ ಮೇಲೆ ಬಣ್ಣಬಣ್ಣವಾಗಿ ಬರೆದು ಬರೆದು ಕೈ ಬಿದ್ದುಹೋಗಿದೆ. ಇಷ್ಟಾದರೂ ನನ್ನ ಸ್ವಂತ ಎಡಗೈಯ ನಾಡಿ ಇರಬೇಕಾದ ಜಾಗದಲ್ಲಿಲ್ಲ ಎಂದು ನನಗೆ ಹೇಳಿದ್ದು ಯಾವ ಪ್ರೊಫೆಸರೂ ಅಲ್ಲ. ಹೇಳಿದವಳು ಮಳವಳ್ಳಿಯ ಬಳೆ ಅಂಗಡಿಯ ಹೊಂಬಾಳಮ್ಮ.

ಆಗ ನಾನು ಮೊದಲನೇ ವರ್ಷದ ಎಂಬಿಬಿಎಸ್. ಓದುತ್ತಿದ್ದೇನೆಂಬ ಕೊಬ್ಬು ಮೈತುಂಬ ಇತ್ತು. ಪೂರಿಗಾಲಿಯ ನಮ್ಮ ಮನೆಯಲ್ಲಿ ಅಕ್ಕನ ಸೀಮಂತ. ಬಳೆ ತೊಡಿಸಲು ಬಂದಿದ್ದ ಹೊಂಬಾಳಕ್ಕ ನನ್ನ ಎಡಗೈ ಹಿಡಿದು, ಹೆಬ್ಬೆರಳನ್ನು ಒಳಕ್ಕೆ ಮಡಿಸಿ, ಎರಡು ಬಳೆ ಏರಿಸಿ, ಮೂರನೆಯದಕ್ಕೆ ನಿಂತುಬಿಟ್ಟಳು.

“ಲೇ ಕೂಸೇ, ನಿನ್ ನಾಡಿ ಹೆಬ್ಬೆಟ್ಟಿನ ಬೆನ್ ಮೇಲೆ ಓಡ್ತದಲ್ಲೇ!”

ನಾನು ನಕ್ಕೆ. ನಾಡಿ ಇರುವುದು ಮಣಿಕಟ್ಟಿನ ಒಳಬದಿಗೆ, ಹಿಂದಿನ ವಾರವಷ್ಟೇ ಪರೀಕ್ಷೆಯಲ್ಲಿ ಬರೆದು ಬಂದಿದ್ದೆ. ಅಲ್ಲಿ ಬೆರಳಿಟ್ಟು ನೋಡಿದೆ. ಏನೂ ಇಲ್ಲ. ಇನ್ನಷ್ಟು ಒತ್ತಿದೆ. ಊಹೂಂ. ಹೊಂಬಾಳಕ್ಕ ನನ್ನ ಬೆರಳನ್ನೇ ಹಿಡಿದು ಹೆಬ್ಬೆರಳ ಹಿಂಬದಿಯ ಸಣ್ಣ ಹಳ್ಳದ ಮೇಲೆ ಇಟ್ಟಳು. ಅಲ್ಲಿ ಟಕಟಕ ಬಡಿಯುತ್ತಿತ್ತು! ಸೀಮಂತಕ್ಕೆ ಬಂದ ಹೆಂಗಸರೆಲ್ಲ ಬಸುರಿಯನ್ನು ಬಿಟ್ಟು ನನ್ನ ಕೈ ಮುಟ್ಟಿ ನೋಡಿದರು. ಅಕ್ಕ ಮುಖ ಊದಿಸಿಕೊಂಡು ಕೂತಿದ್ದಳು.

ಪುಸ್ತಕದಲ್ಲಿ ಬರೆದಿರುವ ಮನುಷ್ಯ ಯಾವ ಊರಿನಲ್ಲೂ ಇಲ್ಲ ಎಂದು ನಾನು ಮೊದಲ ದಿನವೇ ಹುಡುಗರಿಗೆ ಹೇಳುತ್ತೇನೆ. ಒಬ್ಬರಿಗೆ ರಕ್ತನಾಳ ಬಳಸು ದಾರಿ ಹಿಡಿದಿರುತ್ತದೆ, ಒಬ್ಬರಿಗೆ ನರ ಚರ್ಮದ ಹತ್ತಿರಕ್ಕೇ ಬಂದು ಕೂತಿರುತ್ತದೆ, ಒಬ್ಬರಿಗೆ ಇರಬೇಕಾದ ಸ್ನಾಯು ಇಲ್ಲ, ಇನ್ನೊಬ್ಬರಿಗೆ ಒಂದು ಹೆಚ್ಚಿಗೆ. ಬದುಕಿಗೆ ಇದರಿಂದ ಏನೂ ತೊಂದರೆಯಿಲ್ಲ. ತೊಂದರೆ ಬರುವುದು ಕತ್ತಿ ಹಿಡಿದವರು ಪುಸ್ತಕವನ್ನೇ ನಂಬಿ ಕೊಯ್ದಾಗ. ಇದನ್ನು ನಾನು ಕಲಿತದ್ದು ಹೆಣಗಳಿಂದ. ಹೊಂಬಾಳಕ್ಕ ಕಲಿತದ್ದು ಜೀವಂತ ಹೆಂಗಸರಿಂದ, ಅವರು ನಗುತ್ತ, ಬೈಯುತ್ತ, ‘ಅಯ್ಯೋ ಮೆಲ್ಲಗೆ’ ಎನ್ನುತ್ತ ಚಾಚಿದ ಕೈಗಳಿಂದ.

ಅವಳಿಗೆ ವಿದ್ಯೆ ಕಲಿಸಿದವಳು ಅವಳ ಅತ್ತೆ. ಬಳೆ ತೊಡಿಸುವಾಗ ಕೈ ನೋಡಬಾರದು, ಮುಖ ನೋಡಬೇಕು ಎಂಬುದು ಆ ಮುದುಕಿಯ ಕಟ್ಟಪ್ಪಣೆ. ನೋವು ಮುಖದಲ್ಲಿ ಕಾಣುತ್ತದೆ, ಕೈಯನ್ನು ಬೆರಳೇ ನೋಡಿಕೊಳ್ಳುತ್ತದೆ. ಸೊಸೆ ಕೈ ಕಡೆ ಕಣ್ಣು ಹಾಯಿಸಿದರೆ ತಲೆಗೆ ಒಂದು ಮೊಟಕುತ್ತಿದ್ದಳಂತೆ. ಹಾಗಾಗಿ ಮೂವತ್ತೈದು ವರ್ಷಗಳಿಂದ ಹೊಂಬಾಳಕ್ಕ ಕೈಗಳನ್ನು ನೋಡಿಯೇ ಇಲ್ಲ, ಮುಟ್ಟಿ ತಿಳಿದಿದ್ದಾಳೆ. ಮಣಿಕಟ್ಟಿನ ನಡುವಿನ ಹುರಿ, ಅಂದರೆ ಸ್ನಾಯುವಿನ ಹಗ್ಗದಂಥ ತುದಿ, ಯಾರಿಗಿಲ್ಲ ಎಂದು ಅವಳು ಹೇಳಬಲ್ಲಳು. ಬೆರಳಿನ ಹುರಿ ತುಂಡಾದವರಿಗೆ ಸರ್ಜನ್ನರು ಇದನ್ನೇ ತೆಗೆದು ಜೋಡಿಸುವುದು, ಅದು ಇಲ್ಲದವರಿಗೆ ಬೇರೆ ಕಡೆ ಹುಡುಕಬೇಕು. ಕೆಲವರಿಗೆ ಬಿಗಿ ಬಳೆ ತೊಡಿಸಿದರೆ ಹೆಬ್ಬೆರಳು ಜುಂ ಎನ್ನುತ್ತದೆ, ಅವರಿಗೆ ನರ ಮೇಲೇ ಇರುತ್ತದೆ. ಅಂಥವರಿಗೆ ಹೊಂಬಾಳಕ್ಕ ಎಷ್ಟು ಗೋಗರೆದರೂ ಬಿಗಿ ಅಳತೆ ಕೊಡುವುದಿಲ್ಲ. “ಆಮೇಲೆ ಬೆಳ್ಳು ಮರಗಟ್ತದೆ, ನನ್ನ ಬಯ್ಕತೀಯ” ಎಂದು ಡಬ್ಬ ಮುಚ್ಚಿಡುತ್ತಾಳೆ.

ಇಂಥವಳೂ ಒಮ್ಮೆ ಮಾತು ತಪ್ಪಿದಳು. ಅದಕ್ಕೆ ಕಾರಣ ಜಂಬ.

ಪೂರಿಗಾಲಿಯ ಅಶೋಕನ ಮಗಳು ಪ್ರಿಯಾಂಕ ಗೆಜ್ಜಲಗೆರೆ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಶರ್ಟಿನ ಕಾಲರ್ ಹೊಲಿಯುವ ಕೆಲಸ. ಬೆಳಿಗ್ಗೆ ಆರಕ್ಕೆ ವ್ಯಾನು ಹತ್ತಿದರೆ ಸಂಜೆ ಏಳಕ್ಕೆ ಮನೆ. ಮೂರು ವರ್ಷದ ಹಿಂದೆ ದೊಡ್ಡಪ್ಪನ ಮಗಳ ಮದುವೆಯಲ್ಲಿ ಈ ಹುಡುಗಿ ‘ನಂಗೆ ಎರಡು ನಾಲ್ಕೇ ಬೇಕು’ ಎಂದು ಹಟ ಹಿಡಿದಳು. ಅವಳ ಕೈ ಅದಕ್ಕಿಂತ ಒಂದು ಅಳತೆ ದೊಡ್ಡದು, ಎರಡು ಆರರದು. ಗೆಳತಿಯರ ಕೈಗೆ ಬಿಗಿಯಾಗಿ ಕೂತಿದ್ದ ಬಳೆ ನೋಡಿ ಆಸೆ. ಪಕ್ಕದಲ್ಲಿ ಕೂತಿದ್ದ ಯಾರೋ ‘ಹೊಂಬಾಳಕ್ಕನ ಕೈಲೂ ಆಗಲ್ಲ ಬುಡು’ ಎಂದುಬಿಟ್ಟರು. ಇಷ್ಟು ಸಾಕಾಯಿತು. ಬಳೆಗಾರರಲ್ಲಿ ಇದೊಂದು ಪಂದ್ಯ: ದೊಡ್ಡ ಕೈಗೆ ಸಣ್ಣ ಬಳೆಯನ್ನು ಒಡೆಯದೆ, ಸೋಪು ಹಚ್ಚದೆ ಏರಿಸುವುದು. ಹೊಂಬಾಳಕ್ಕ ಹಿಸುಕಿ ಹಿಸುಕಿ ಹನ್ನೆರಡೂ ಬಳೆ ಏರಿಸಿ ಗೆದ್ದಳು. ಹುಡುಗಿಯ ಕೈ ಕೆಂಪಗಾಗಿ ಎರಡು ದಿನ ಊದಿಕೊಂಡಿತ್ತು.

ಆರು ತಿಂಗಳಾದ ಮೇಲೆ ಪ್ರಿಯಾಂಕಳ ಬಲ ಅಂಗೈಯ ಬೆನ್ನ ಮೇಲೆ ಒಂದು ಗಂಟು ಕಾಣಿಸಿಕೊಂಡಿತು. ಅಡಿಕೆ ಗಾತ್ರ. ಇಡೀ ದಿನ ಹೊಲಿದು ಬಂದರೆ ನೋವು. ಅವಳ ತಾಯಿ ಮೋಹಿನಿ ಲೆಕ್ಕ ಹಾಕಿದಳು, ಗಂಟಿಗೆ ಕಾರಣ ಸಿಕ್ಕಿತು. ಶುಕ್ರವಾರ, ಅಂಗಡಿ ತುಂಬ ಹೆಂಗಸರು ಕೂತಿರುವಾಗ ಮಳವಳ್ಳಿಗೆ ಬಂದು ನಿಂತಳು.

“ನನ್ ಮಗಳ ಕೈಯ ಇಸುಕಿ ಆಳ್ ಮಾಡ್ದಲ್ಲಕ್ಕ! ಮೂರೊತ್ತೂ ಅಳ್ತಾ ಕೂತದೆ ಕೂಸು. ನಿನ್ ಜಂಬಕ್ಕೆ ನನ್ ಮಗಳೇ ಬೇಕಾಗಿತ್ತಾ?”

ಹೊಂಬಾಳಕ್ಕ ಬಾಯಿ ಜೋರಿನವಳು. ಬಸ್ ಸ್ಟ್ಯಾಂಡಿನ ಕಂಡಕ್ಟರುಗಳೂ ಅವಳ ಜೊತೆ ಜಗಳಕ್ಕೆ ಹೋಗುವುದಿಲ್ಲ. ಆದರೆ ಅವತ್ತು ತಲೆ ತಗ್ಗಿಸಿ ಬಳೆ ಡಬ್ಬಗಳನ್ನು ಒಂದೊಂದಾಗಿ ಮುಚ್ಚಿಟ್ಟಳು. ಹಿಸುಕಿದ್ದು ನಿಜವಲ್ಲವೆ? ಅವತ್ತಿನಿಂದ ಯಾರ ಕೈ ಹಿಡಿದರೂ ಅವಳ ಬೆರಳು ಸಡಿಲವಾಗುತ್ತಿತ್ತು. ಎರಡು ಆರರವರಿಗೆ ಎರಡು ಎಂಟು ಕೊಟ್ಟು ಕಳಿಸುತ್ತಿದ್ದಳು. ಬಳೆ ಜಾರಿ ಬೀಳುತ್ತಿದ್ದವು. ಪೂರಿಗಾಲಿಯ ಸೀಮಂತಗಳಿಗೆ ಬೇರೆ ಬಳೆಗಾರರು ಬರತೊಡಗಿದರು. ಗಂಡ ಅಂಕಯ್ಯ, ‘ಅಂಗಡಿ ಮುಚ್ಚಿ ಟೀ ಇಡಾನ ಬುಡು’ ಎಂದು ತಮಾಷೆ ಮಾಡಿದ್ದಕ್ಕೆ ಅತ್ತುಬಿಟ್ಟಳಂತೆ. ಮೂವತ್ತೈದು ವರ್ಷದಲ್ಲಿ ಅವಳು ಅತ್ತದ್ದನ್ನು ಅವನು ನೋಡಿರಲಿಲ್ಲ.

ಹೋದ ವರ್ಷ ಆಷಾಢದ ಒಂದು ಶನಿವಾರ ಮಂಡ್ಯದ ನಮ್ಮ ಮನೆಗೆ ಬಂದಳು. ಚೀಲ ಕೆಳಗಿಟ್ಟು, ನೀರೂ ಕುಡಿಯದೆ ಕೇಳಿದಳು:

“ಡಾಕ್ಟ್ರವ್ವ, ಇಸುಕುದ್ರೆ ಗಂಟು ಬತ್ತದಾ?”

ನಾನು ಬರುವುದಿಲ್ಲ ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ಪ್ರಿಯಾಂಕಳಿಗೆ ಸೋಮವಾರ ಮಂಡ್ಯದ ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ನಿಗದಿಯಾಗಿತ್ತು. ಗಂಟು ತೆಗೆಯುವುದು, ಅರ್ಧ ಗಂಟೆಯ ಕೆಲಸ.

“ಅದು ಗಂಟಲ್ಲ ಕಣವ್ವ. ಮದ್ವೆ ದಿನ ಬಳೆ ಏರಿಸ್ತಾ ಇರೋವಾಗ್ಲೇ ನನ್ ಬೆಳ್ಳಿಗೆ ಸಿಕ್ಕಿತ್ತು, ವಸಿ ಸಣ್ಣುಕಿತ್ತು. ತೋರುಬೆಳ್ಳು ಎತ್ತುದ್ರೆ ಗಟ್ಟಿ ಆಯ್ತದೆ, ಇಳ್ಸುದ್ರೆ ಮೆತ್ಗಾಯ್ತದೆ. ಗಂಟು ಯಾವತ್ತಾರ ಅಂಗ್ ಮಾಡ್ತದಾ? ಕಿರುಗಾವಲ್ನಾಗೆ ಒಂದ್ ಮನೇಲಿ ಅವ್ವಂಗೂ ಐತೆ, ಮಗಳ್ಗೂ ಐತೆ. ಇದು ಮನೆತನದಾಗೆ ಬರೋದು.”

ನನ್ನ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ಕೆಲವರಿಗೆ ಅಂಗೈಯ ಬೆನ್ನ ಮೇಲೆ ಒಂದು ಪುಟ್ಟ ಹೆಚ್ಚುವರಿ ಸ್ನಾಯು ಇರುತ್ತದೆ. ನೂರಕ್ಕೆ ಎರಡು ಮೂರು ಜನಕ್ಕೆ. ಕೈಗೆ ಕೆಲಸ ಹೆಚ್ಚಾದಾಗ ಅದು ಕೊಬ್ಬಿ, ಗಂಟಿನ ಹಾಗೆ ಎದ್ದು ಕಾಣುತ್ತದೆ. ಎಷ್ಟೋ ಸಲ ಗಂಟೆಂದೇ ಕೊಯ್ದಿದ್ದಾರೆ. ಇಷ್ಟೇ ಆಗಿದ್ದರೆ ಅಷ್ಟು ಹೆದರಿಕೆಯಿಲ್ಲ. ಆದರೆ ಅಂಥ ಕೆಲವರಲ್ಲಿ ತೋರುಬೆರಳನ್ನು ಒಂಟಿಯಾಗಿ ಎತ್ತುವ ಮಾಮೂಲು ಸ್ನಾಯು ಇರುವುದಿಲ್ಲ. ಅದರ ಕೆಲಸವನ್ನೂ ಈ ಪುಟ್ಟದೇ ಮಾಡುತ್ತಿರುತ್ತದೆ. ಅಂಥವರಿಗೆ ಇದನ್ನು ತೆಗೆದರೆ ಆ ಬೆರಳು ಮತ್ತೆ ಒಂಟಿಯಾಗಿ ಮೇಲೇಳುವುದಿಲ್ಲ. ಸೂಜಿಯ ಮುಂದೆ ಕಾಲರ್ ತಿರುಗಿಸುವ ಹುಡುಗಿಗೆ ತೋರುಬೆರಳು ಹೋದರೆ ಕೆಲಸವೇ ಹೋಯಿತು.

ನಾನು ಇದನ್ನು ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಹೆಣದಲ್ಲಿ ನೋಡಿದ್ದೆ. ಈ ಹೆಂಗಸು ಜೀವಂತವಾಗಿ ಎರಡು ಮನೆಯಲ್ಲಿ ಹಿಡಿದಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು ಎಂದು ಹೇಳಲು ನಾಚಿಕೆಯಿಲ್ಲ.

ಆಪರೇಷನ್ ಮಾಡಬೇಕಿದ್ದ ಶಶಿಧರ್ ನನ್ನ ಹಳೆಯ ವಿದ್ಯಾರ್ಥಿ. ಫೋನ್ ಮಾಡಿದೆ. “ಮೇಡಂ, ದಿನಾ ಇಂಥ ಗಂಟು ನಾಲ್ಕು ನೋಡ್ತೀನಿ. ಮುಟ್ಟಿದರೆ ಗೊತ್ತಾಗುತ್ತೆ” ಎಂದು ನಕ್ಕ. ನಾನು ಗದರಿದ ಮೇಲೆ, “ಆಯ್ತು, ಸೋಮವಾರ ಕೊಯ್ಯೋ ಮೊದಲು ಇನ್ನೊಂದ್ಸಲ ನೋಡ್ತೀನಿ. ಆದರೆ ಅವರ ಮನೆಯವರು ಒಪ್ಪಬೇಕಲ್ಲ? ಬೇಗ ಮಾಡಿ ಅಂತ ಅವರೇ ಗಂಟುಬಿದ್ದಿದಾರೆ” ಎಂದ.

ಮನೆಯವರು ಎಂದರೆ ಮೋಹಿನಿ. ಭಾನುವಾರ ಹೊಂಬಾಳಕ್ಕ ಪೂರಿಗಾಲಿಗೆ ಹೋದಾಗ ಅವಳು ಬಾಗಿಲು ಹಾಕಿಕೊಂಡಳು. ತಪ್ಪು ಮಾಡಿದವಳೇ ಬಂದು ‘ಇದು ಮನೆತನದಲ್ಲಿ ಬರೋದು’ ಎಂದರೆ ಯಾರು ಕೇಳುತ್ತಾರೆ? ಹೊಂಬಾಳಕ್ಕನಿಗೆ ಮನೆತನದ ಸಾಕ್ಷಿ ಬೇಕಿತ್ತು. ಮೋಹಿನಿಯ ಕೈಯಲ್ಲಿ ಅದಿಲ್ಲ, ತೀರಿಹೋದ ಅವಳ ಅತ್ತೆಯ ಕೈಯಲ್ಲೂ ಇರಲಿಲ್ಲ. ಇಬ್ಬರಿಗೂ ವರ್ಷಗಟ್ಟಲೆ ಬಳೆ ತೊಡಿಸಿ ಅವಳಿಗೆ ಗೊತ್ತಿತ್ತು. ಉಳಿದವರು ಗಂಡಸರು. ಊರಿನ ಅರ್ಧದಷ್ಟು ಕೈಗಳನ್ನು ತಾನು ಮುಟ್ಟೇ ಇಲ್ಲವೆಂದು ಅವಳಿಗೆ ಅವತ್ತು ಹೊಳೆಯಿತಂತೆ.

ಅಶೋಕನನ್ನು ಗದ್ದೆಯಲ್ಲೇ ಹಿಡಿದು ಬೆರಳೆತ್ತಿಸಿದಳು. ಇಲ್ಲ. ಅವನ ಅಪ್ಪ ಮುದ್ದಯ್ಯ ಅರಳಿಕಟ್ಟೆಯ ಮೇಲೆ ಕೂತಿದ್ದ. ಎಪ್ಪತ್ತೆಂಟು ವರ್ಷ, ಕಿವಿಯವರೆಗೆ ಮೀಸೆ, ಯೌವನದಲ್ಲಿ ಲಾರಿಗೆ ಕಬ್ಬು ತುಂಬಿದ ತೋಳು. ಅವನ ಕೈಯ ಚರ್ಮ ಎಷ್ಟು ದಪ್ಪವೆಂದರೆ ಮೇಲಿಂದ ಮುಟ್ಟಿದರೆ ಏನೂ ತಿಳಿಯುವುದಿಲ್ಲ. ಹೊಂಬಾಳಕ್ಕನಿಗೆ ತಿಳಿಯುವ ದಾರಿ ಒಂದೇ.

“ಯಜಮಾನ್ರೇ, ವಸಿ ಕೈ ಕೊಡಿ. ಒಂದ್ ಬಳೆ ಆಕ್ಬುಟ್ಟು ತಗೀತೀನಿ.”

ಕಟ್ಟೆ ತುಂಬ ಗಂಡಸರು. ಮುದ್ದಯ್ಯನ ಮೀಸೆ ನೆಟ್ಟಗಾಯಿತು.

“ಏನಂದೆ? ಬಳೆ ತೊಟ್ಕಳಕೆ ನಾನೇನ್ ಎಂಗ್ಸಾ? ಓಗಮ್ಮ ಅತ್ಲಾಗೆ! ನನ್ ತಾವ ಇಂತ ತಮಾಸೆ ಬ್ಯಾಡ.”

ಕಟ್ಟೆಯ ಮೇಲಿದ್ದವರು ಬಿದ್ದು ಬಿದ್ದು ನಕ್ಕರು. ಹೊಂಬಾಳಕ್ಕ ಚೀಲ ಎತ್ತಿಕೊಂಡು ಬಸ್ಸು ಹತ್ತಿದಳು.

ಸೋಮವಾರ ಬೆಳಿಗ್ಗೆ ನಾನು ಕ್ಲಾಸು ಬಿಟ್ಟು ನರ್ಸಿಂಗ್ ಹೋಮಿಗೆ ಹೋದೆ. ಪ್ರಿಯಾಂಕ ಖಾಲಿ ಹೊಟ್ಟೆಯಲ್ಲಿ ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಮೋಹಿನಿ. ಗೋಡೆಗೊರಗಿ ಮುದ್ದಯ್ಯ. ಮೊಮ್ಮಗಳಿಗೆ ಕತ್ತಿ ಹಾಕುವಾಗ ಮನೆಯಲ್ಲಿ ಕೂರಲು ಅವನಿಂದ ಆಗಿರಲಿಲ್ಲ. ಹೊಂಬಾಳಕ್ಕ ದೂರದಲ್ಲಿ, ಔಷಧದಂಗಡಿಯ ಹತ್ತಿರ ನಿಂತಿದ್ದಳು.

ಶಶಿಧರ್ ಮಾತಿಗೆ ತಪ್ಪದೆ ಬಂದು, ಮನೆಯವರನ್ನೆಲ್ಲ ತನ್ನ ಕೋಣೆಗೆ ಕರೆದು, ಹುಡುಗಿಯ ಕೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇರಿಸಿ ಒತ್ತಿ ನೋಡಿದ. “ಮೆತ್ತಗಿದೆ ಮೇಡಂ. ನೀರುಗಂಟೇ.” ಸುಮ್ಮನೆ ಮಲಗಿದ ಕೈಯಲ್ಲಿ ಅದು ಮೆತ್ತಗೇ ಇರುತ್ತದೆ, ನಾನು ಬಾಯಿ ತೆರೆಯುವಷ್ಟರಲ್ಲಿ ಹೊಂಬಾಳಕ್ಕ ಬಳೆ ಹಿಡಿದು ಒಳಗೆ ನುಗ್ಗಿದ್ದಳು.

“ಸಾರ್, ಒಂದ್ ನಿಮ್ಸ. ಬೆಳ್ಳು ಎತ್ಸಿ ನೋಡಿ ಸಾರ್. ಕುಯ್ದ್ರೆ ಕೂಸಿನ ಬೆಳ್ಳೇ ಓಯ್ತದೆ.”

ಮೋಹಿನಿ ಎದ್ದು ಅಡ್ಡ ನಿಂತಳು. “ಮುಟ್ಬ್ಯಾಡ ನನ್ ಮಗಳ್ನ! ಒಂದ್ಸಲ ಮುಟ್ಟಿದ್ದು ಸಾಲ್ದಾ?”

ಹೊಂಬಾಳಕ್ಕನ ಕೈ ಗಾಳಿಯಲ್ಲೇ ನಿಂತಿತು. ನರ್ಸು ಬಾಗಿಲು ತೋರಿಸಿದಳು. ಆಗ ಗೋಡೆಯ ಕಡೆಯಿಂದ ಒಂದು ದನಿ ಬಂತು.

“ನಂಗೆ ತೊಡ್ಸು.”

ಮುದ್ದಯ್ಯ ಬಲಗೈ ಚಾಚಿಕೊಂಡು ಬಂದು ನಿಂತಿದ್ದ. “ಏನ್ ನೋಡ್ತೀಯ? ತೊಡ್ಸಮ್ಮ. ಕೂಸಿನ ಬೆಳ್ಳು ಓದ್ಮೇಲೆ ನನ್ ಮೀಸೆ ಇಟ್ಕಂಡು ಏನ್ ಮಾಡ್ಲಿ?”

ಬಾಗಿಲ ಬಳಿ ಟೋಕನ್ ಹಿಡಿದು ನಿಂತಿದ್ದವರೆಲ್ಲ ಒಳಗೆ ಇಣುಕಿದರು. ಹೊಂಬಾಳಕ್ಕ ಚೀಲದ ತಳದಿಂದ ಇರುವುದರಲ್ಲೇ ದೊಡ್ಡ ಅಳತೆಯ ಹಸಿರು ಬಳೆ ತೆಗೆದಳು. ಮುದುಕನ ಹೆಬ್ಬೆರಳು ಮಡಿಸಿ, ಅವನ ಮುಖವನ್ನೇ ನೋಡುತ್ತ, ಬೆರಳ ಗೆಣ್ಣು ದಾಟಿಸಿ ಬಳೆಯನ್ನು ಅಂಗೈಯ ನಡುವಿಗೆ ತಂದು ಬಿಟ್ಟಳು. ಬಳೆ ಅಲ್ಲಿ ಸಡಿಲವಾಗಿ ನಿಂತಿತು.

“ಮುಷ್ಟಿ ಇಡೀರಿ. ತೋರುಬೆಳ್ಳು ಒಂದ್ನೇ ಎತ್ತಿ.”

ಮುದ್ದಯ್ಯ ಬೆರಳೆತ್ತಿದ. ಬಳೆ ಕಚ್ಚಿಕೊಂಡಿತು. ಹೊಂಬಾಳಕ್ಕ ಅದನ್ನು ತಿರುಗಿಸಲು ನೋಡಿದಳು, ಜಗ್ಗಲಿಲ್ಲ. “ಇಳ್ಸಿ.” ಬೆರಳು ಇಳಿಯಿತು, ಬಳೆ ಸಲೀಸಾಗಿ ತಿರುಗಿತು. ಎತ್ತಿದ, ಕಚ್ಚಿತು. ಇಳಿಸಿದ, ಬಿಟ್ಟಿತು. ಎಪ್ಪತ್ತೆಂಟು ವರ್ಷ ತನ್ನ ಕೈಯಲ್ಲೇ ಇದ್ದದ್ದನ್ನು ಮುದುಕ ಈಗ ನೋಡುತ್ತಿದ್ದ. ಮಕ್ಕಳ ಹಾಗೆ ಮತ್ತೆ ಮತ್ತೆ ಮಾಡಿದ.

ಪ್ರಿಯಾಂಕ ಯಾರನ್ನೂ ಕೇಳಲಿಲ್ಲ. ಹೊಂಬಾಳಕ್ಕನ ಚೀಲಕ್ಕೆ ಕೈ ಹಾಕಿ ಒಂದು ಬಳೆ ತೆಗೆದು, ತಾನೇ ಏರಿಸಿಕೊಂಡು, ಮುಷ್ಟಿ ಮಾಡಿ ಬೆರಳೆತ್ತಿದಳು. ಬಳೆ ಕಚ್ಚಿ ನಿಂತಿತು.

“ಅಮ್ಮಾ, ನೋಡಮ್ಮಾ. ತಾತಂದೇ ನಂಗೂ ಬಂದದೆ.”

ಶಶಿಧರ್ ಈಗ ಎತ್ತಿದ ಬೆರಳಿನ ಕೆಳಗೆ ಒತ್ತಿ ನೋಡಿದ. ಅವನ ಮುಖ ಸಣ್ಣದಾಯಿತು. ಎರಡನೇ ಮಾತಿಲ್ಲದೆ ಸ್ಕ್ಯಾನಿಂಗಿಗೆ ಕಳಿಸಿದ. ನಾನೂ ಜೊತೆಗೆ ಹೋದೆ. ತೆರೆಯ ಮೇಲೆ ಅದು ಸ್ಪಷ್ಟವಾಗಿ ಕಾಣಿಸಿತು. ಬೆರಳು ಎತ್ತಿದಾಗ ಕುಗ್ಗಿ ದಪ್ಪವಾಗುವ ಒಂದು ಪುಟ್ಟ ಸ್ನಾಯು, ಅದರ ತುದಿಯ ಹುರಿ ನೇರ ತೋರುಬೆರಳಿಗೆ ಹೋಗಿತ್ತು. ಆ ಬೆರಳಿಗಾಗಿಯೇ ಮುಂಗೈಯಿಂದ ಬರಬೇಕಿದ್ದ ಹುರಿಯನ್ನು ಎಷ್ಟು ಹುಡುಕಿದರೂ ಸಿಗಲಿಲ್ಲ.

ಶಶಿಧರ್ ಒಳ್ಳೆಯ ಹುಡುಗ. ಮುಚ್ಚಿಡಲಿಲ್ಲ. ಎಲ್ಲರ ಮುಂದೆ ಹೇಳಿದ: “ನಾನು ಇವತ್ತು ಕೊಯ್ದುಬಿಡ್ತಿದ್ದೆ. ಕೊಯ್ದಿದ್ದರೆ ಈ ಬೆರಳೊಂದನ್ನೇ ಎತ್ತೋಕೆ ಆಗ್ತಿರಲಿಲ್ಲ. ಈಗ ಕೊಯ್ಯೋದು ಏನೂ ಬೇಡ. ಒಂದು ತಿಂಗಳು ಕೈಗೆ ರೆಸ್ಟು, ಆಮೇಲೆ ಕಾಲರ್ ಬಿಟ್ಟು ಬೇರೆ ಮಿಷನ್ ಕೇಳಿ, ಚೀಟಿ ಬರೆದುಕೊಡ್ತೀನಿ. ಆಗಲೂ ನೋವು ಹೋಗದಿದ್ದರೆ ಮೇಲಿನ ಪೊರೆ ಸ್ವಲ್ಪ ಸಡಿಲ ಮಾಡಿದರೆ ಸಾಕು, ಸ್ನಾಯು ತೆಗೆಯೋ ಮಾತೇ ಇಲ್ಲ.”

ಹೊಂಬಾಳಕ್ಕ ಮುಂದೆ ಬಂದಳು. ಅವಳಿಗೆ ಬೇಕಾಗಿದ್ದ ಮಾತು ಇನ್ನೂ ಬಂದಿರಲಿಲ್ಲ.

“ಸಾರ್, ನಾನು ಇಸುಕಿದ್ದಕ್ಕೆ ಬಂತಾ ಇದು? ನಿಜ ಏಳಿ.”

“ಹುಟ್ಟಿನಿಂದ ಇದೆ ಅಮ್ಮ. ತಾತನ ಬಳುವಳಿ. ಹೊಲಿಗೆ ಕೆಲಸಕ್ಕೆ ದಪ್ಪ ಆಗಿದೆ, ಅಷ್ಟೇ. ನೀವು ಎಷ್ಟು ಹಿಸುಕಿದರೂ ಇದು ಬರೋದಿಲ್ಲ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

ಅತ್ತ ಮುದ್ದಯ್ಯನದು ಬೇರೆಯೇ ಫಜೀತಿ. ಎತ್ತಿ ಇಳಿಸುವ ಸಂಭ್ರಮದಲ್ಲಿ ಬಳೆ ಮಣಿಕಟ್ಟಿಗೆ ಇಳಿದು ಕೂತಿತ್ತು. ಈಗ ಹಿಂದಕ್ಕೆ ಬರುವುದಿಲ್ಲ ಎನ್ನುತ್ತಿತ್ತು. ನರ್ಸು ಅದನ್ನು ತಟ್ಟಿ ಒಡೆಯಲು ಕತ್ತರಿ ತಂದಳು. ಮುದುಕ ಕೈ ಹಿಂದಕ್ಕೆ ಎಳೆದುಕೊಂಡ. “ಒಳ್ಳೆ ದಿವ್ಸ ಬಳೆ ಒಡೀತಾರೇನಮ್ಮ? ಇರ್ಲಿ ಬುಡು.” ಟೋಕನ್ ಹಿಡಿದಿದ್ದ ಒಬ್ಬ ಹುಡುಗ ಕಿಸಕ್ಕೆಂದ. ಮುದ್ದಯ್ಯ ಅವನ ಮೂಗಿನ ಮುಂದೆಯೇ ಬೆರಳೆತ್ತಿ ತೋರಿಸಿದ. “ಎತ್ಲಾ ನೋಡಾನ, ನಿನ್ ಕೈಲಿ ಐತಾ? ನನ್ ಮನೇಲಿ ಎಲ್ಡ್ ಕೈಗೈತೆ ಕಣ್ಲಾ!” ಆಮೇಲೆ ಇಡೀ ಸಾಲು ಮುಷ್ಟಿ ಹಿಡಿದು ಬೆರಳೆತ್ತಿ ಪರೀಕ್ಷೆ ಮಾಡಿಕೊಂಡಿತು. ಯಾರಲ್ಲೂ ಇರಲಿಲ್ಲ.

ಕಾಂಪೌಂಡಿನ ಹೊಂಗೆ ಮರದ ಕೆಳಗೆ ಪ್ರಿಯಾಂಕ ಇಡ್ಲಿ ತಿನ್ನುತ್ತಿದ್ದಳು. ಎರಡು ಪ್ಲೇಟು ಮುಗಿಸಿ ಮೂರನೆಯದಕ್ಕೆ ಹೇಳಿ ಕಳಿಸಿದ್ದಳು. ಹೊಂಬಾಳಕ್ಕ ಚೀಲ ಹೆಗಲಿಗೇರಿಸಿ ನನಗೆ ‘ಬತ್ತೀನಿ ಡಾಕ್ಟ್ರವ್ವ’ ಎಂದಳು. ಅಷ್ಟರಲ್ಲಿ ಮೋಹಿನಿ ಬಂದು ಅವಳ ಎದುರಿಗೆ ಕಲ್ಲಿನ ಮೇಲೆ ಕೂತಳು. ಒಂದೂವರೆ ವರ್ಷದಿಂದ ಹಾಕಿಕೊಂಡಿದ್ದ ಫ್ಯಾನ್ಸಿ ಸ್ಟೋರಿನ ಪ್ಲಾಸ್ಟಿಕ್ ಬಳೆಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟಳು. ಬರಿದಾದ ಎರಡೂ ಕೈಗಳನ್ನು ಮುಂದೆ ಚಾಚಿದಳು.

ಹೊಂಬಾಳಕ್ಕ ಬಳೆ ಡಬ್ಬ ತೆರೆದು ಎರಡು ಎಂಟರ ಬಳೆ ಎತ್ತಿಕೊಂಡಳು.

“ನಂದು ಎಲ್ಡ್ ಆರು ಕಣಕ್ಕ” ಎಂದಳು ಮೋಹಿನಿ.

“ಬಿಗಿ ಆಯ್ತದೆ ಕಣವ್ವ. ನೋವಾಯ್ತದೆ.”

“ಇಸುಕಕ್ಕ” ಎಂದಳು ಮೋಹಿನಿ. ಅಷ್ಟು ಹೊತ್ತೂ ತಡೆದಿದ್ದ ಕಣ್ಣೀರು ಈಗ ಇಳಿಯುತ್ತಿತ್ತು. “ಚೆನ್ನಾಗಿ ಇಸುಕು. ನೀನ್ ಇಸುಕುದ್ರೆ ಏನೂ ಆಗಲ್ಲ ಅಂತ ಡಾಕ್ಟ್ರೇ ಏಳವ್ರೆ.”

ಹೊಂಬಾಳಕ್ಕ ಡಬ್ಬ ಬದಲಾಯಿಸಿದಳು. ಮೋಹಿನಿಯ ಹೆಬ್ಬೆರಳು ಮಡಿಸಿ, ಕೈಯನ್ನು ತನ್ನ ಎರಡೂ ಅಂಗೈಗಳಲ್ಲಿ ಹಿಡಿದು ಒತ್ತಿದಳು, ಗಟ್ಟಿಯಾಗಿ. ಕೈಗೊಂದು ಡಜನ್ ಹಸಿರು ಗಾಜಿನ ಬಳೆ ಏರಿದವು, ಒಂದೂ ಒಡೆಯಲಿಲ್ಲ.